ಮೊಣಕಾಲ ಕೆಳಗಿನ ತುಂಡು

ನನ್ನ ಸೊಸೆ ಗೀತಾಳಿಗೆ ನನ್ನನ್ನು ಆಡಿಕೊಳ್ಳಲು ಹೊಸ ಕಾರಣ ಹುಡುಕುವ ಕಷ್ಟವಿಲ್ಲ, ಹಳೆಯವೇ ಬೇಕಾದಷ್ಟಿವೆ. ಮೊನ್ನೆ ನನ್ನ ಪಿಂಚಣಿಯ ಒಂದು ಫಾರಂ ಬಂತು. ಅದನ್ನು ತಯಾರು ಮಾಡಿದವನಿಗೆ ತಾನೇನು ಕೇಳುತ್ತಿದ್ದೇನೆ ಎಂಬುದು ಗೊತ್ತಿದ್ದಂತಿರಲಿಲ್ಲ. ಊಟದ ಮೇಜಿನ ಮೇಲಿಟ್ಟು ಈ ಕಡೆ ಕೂತು ಓದಿದೆ, ತಲೆಗೆ ಹತ್ತಲಿಲ್ಲ. ಎದ್ದು ಆ ಕಡೆ ಹೋಗಿ ತಲೆಕೆಳಗಾಗಿಯೇ ಒಂದಿಷ್ಟು ಹೊತ್ತು ನೋಡಿದೆ. ಆಮೇಲೆ ಅಡುಗೆಮನೆ ಕಡೆಯ ಅಂಚಿಗೆ ಬಂದೆ. ರೊಟ್ಟಿ ಬಡಿಯುತ್ತಿದ್ದ ಗೀತಾ ಕೈ ನಿಲ್ಲಿಸಿದಳು.

"ಅತ್ತಿ, ಅದು ಫಾರಂ ಐತ್ರಿ, ದೇವರಲ್ಲ. ಎಷ್ಟು ಸುತ್ತು ಹಾಕ್ತೀರಿ?"

"ಸುಮ್ನಿರವಾ. ಇನ್ನೊಂದು ಸುತ್ತು ಹಾಕಿದ್ರ ವರ ಕೊಡತೈತಿ," ಎಂದೆ.

ನಗಬೇಡಿ. ನಿಮಗೂ ಇಂಥ ಒಂದು ಚಟ ಇದ್ದೇ ಇರುತ್ತದೆ, ಮನೆಯವರನ್ನು ಕೇಳಿದರೆ ಹೇಳುತ್ತಾರೆ. ನನ್ನದು ಇದು: ಅರ್ಥವಾಗದ ಹಾಳೆ ಕೈಗೆ ಬಂದರೆ ಅದರ ಸುತ್ತ ತಿರುಗುವುದು. ಹಿರೇಹಡಗಲಿ, ತೆಲಿಗಿ, ಚಿಗಟೇರಿ ಅಂತ ಊರೂರು ಅಲೆದು ಕೂಸುಗಳಿಗೆ ಸೂಜಿ ಚುಚ್ಚಿದ ಸಿಸ್ಟರಮ್ಮ ನಾನು. ಡಾಕ್ಟರರ ಅಕ್ಷರವನ್ನೂ ಹೀಗೆ ನಾಲ್ಕು ದಿಕ್ಕಿನಿಂದ ನೋಡಿಯೇ ಓದಿ ಮುಗಿಸಿದ್ದೇನೆ. ಯಾರೂ ಸತ್ತಿಲ್ಲ. ಈ ಚಟ ನಮ್ಮವ್ವನಿಂದ ಬಂತು ಎಂದರೆ ಅರ್ಧ ಸತ್ಯ, ನನ್ನ ಅಕ್ಕನ ಮಗಳು ನಾಗವೇಣಿಯಿಂದ ಬಂತು ಎಂದರೆ ಇನ್ನರ್ಧ. ಎಂಬತ್ತರ ದಶಕದ ನಡುವಿನ ಮಾತು. ಆಗ ನಾಗಿಗೆ ಹತ್ತು ವರ್ಷ, ನನಗೆ ಹದಿನೆಂಟು.

ಅವ್ವ ಕೌದಿ ಹೊಲಿಯುತ್ತಿದ್ದಳು. ಕೊಟ್ಟೂರಿನ ನಮ್ಮ ಕೇರಿಯಲ್ಲಿ ಯಾವ ಮನೆಯ ಕೂಸು ಹುಟ್ಟಿದರೂ ತೊಟ್ಟಿಲೊಳಗೆ ಮೊದಲು ಬೀಳುತ್ತಿದ್ದುದು ಅವಳ ಕೈಯ ಕೌದಿ. ಪೇಟೆಯ ದೊಡ್ಡ ಮನೆಗಳಿಂದಲೂ ಹಳೆ ಸೀರೆಗಳ ಗಂಟು ಬರುತ್ತಿತ್ತು. ಸೀರೆಗಳನ್ನು ಪದರ ಪದರವಾಗಿ ನೆಲಕ್ಕೆ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಹೊಲಿಗೆ ಹಾಕುತ್ತ ನಡುವಿಗೆ ಬರುವುದು ಅದರ ಕ್ರಮ. ಒಮ್ಮೆ ಹಾಸಿದ ಮೇಲೆ ಎಳೆಯುವಂತಿಲ್ಲ, ತಿರುಗಿಸುವಂತಿಲ್ಲ. ಒಳಗಿನ ಪದರ ಸರಿದು ಗಂಟಾಗಿ, ಮಲಗಿದವರ ಬೆನ್ನಿಗೆ ಒತ್ತುತ್ತದೆ. ಹಾಗಾಗಿ ಒಂದು ಬದಿ ಮುಗಿದರೆ ಅವ್ವ ಸೊಂಟ ಹಿಡಿದುಕೊಂಡು ಎದ್ದು ಇನ್ನೊಂದು ಬದಿಗೆ ಹೋಗಿ ಕೂರುತ್ತಿದ್ದಳು. "ಕೌದಿ ಇದ್ದಲ್ಲೇ ಇರತೈತಿ, ನಾವು ತಿರುಗಬೇಕು," ಎನ್ನುವುದು ಅವಳ ಮಾತು. ನಮ್ಮದು ಒಂದೇ ಪಡಸಾಲೆಯ ಮನೆ. ಕೌದಿ ಹಾಸಿದ ದಿನ ನಾವೆಲ್ಲ ಗೋಡೆಗೆ ಬೆನ್ನು ಉಜ್ಜುತ್ತ ಅಡುಗೆಮನೆಗೆ ಹೋಗುತ್ತಿದ್ದೆವು. ನನ್ನ ಲಂಗದ ಹಿಂಭಾಗಕ್ಕೆ ಸದಾ ಸುಣ್ಣ. ಅಪ್ಪಿತಪ್ಪಿ ಕೌದಿಯ ಅಂಚು ತುಳಿದೆವೋ, ಸೂಜಿ ಹಿಡಿದ ಕೈಯೇ ನಮ್ಮ ಕಡೆ ತಿರುಗುತ್ತಿತ್ತು.

ನಾಗಿ ನಮ್ಮ ಮನೆಗೆ ಬಂದದ್ದು ಓದುವುದಕ್ಕೆ. ಅವಳಪ್ಪ, ನಮ್ಮ ಬಾವ, ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಜವಾನ. ಸಂಸಾರ ಚಿಗಟೇರಿಯಲ್ಲಿ. ಸರಕಾರದ ವಸತಿ ಶಾಲೆಯೊಂದಕ್ಕೆ ಐದನೆಯ ಇಯತ್ತೆಯ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸುತ್ತಾರೆ, ಆರಿಸಿದ ಮೇಲೆ ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ ಎಂಬ ಸುದ್ದಿಯನ್ನು ಕಚೇರಿಯಿಂದ ಹೊತ್ತು ತಂದವನು ಅವನೇ. ಒಂದು ದಿನ ಮಗಳನ್ನೂ ಒಂದು ತಗಡಿನ ಪೆಟ್ಟಿಗೆಯನ್ನೂ ನಮ್ಮ ಬಾಗಿಲಲ್ಲಿ ಇಳಿಸಿದ.

"ನಮ್ಮ ಸಾಹೇಬರ ಮಗನೂ ಬರೀತಾನಂತ. ನಮ್ಮ ನಾಗಿನೂ ಬರೀಲಿ," ಎಂದ. "ನೀ ಓದಸು ಗಂಗಾ. ನೀ ಎಸ್ಸೆಸ್ಸೆಲ್ಸಿ ತನಕ ಓದೀಯಲ್ಲ."

ಬಾವ ಒಳ್ಳೆಯವನು. "ತನಕ" ಅಂದ, "ಪಾಸಾಗೀಯಲ್ಲ" ಅನ್ನಲಿಲ್ಲ.

ಆ ಕಥೆಯನ್ನೂ ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಏನು ಮಾಡಲಿ. ಹಿಂದಿನ ವರ್ಷ ಲೆಕ್ಕದ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಬಿಚ್ಚಿದೆ. ಮೊದಲನೆಯ ಪ್ರಶ್ನೆ ಬರಲಿಲ್ಲ. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದೆ. ಎರಡನೆಯದಕ್ಕೆ ಹೋಗಬೇಕು ಎಂಬ ಬುದ್ಧಿಯೇ ಹುಟ್ಟಲಿಲ್ಲ. ಕೈ ತಣ್ಣಗಾಯಿತು. ಅರ್ಧ ಗಂಟೆಯ ಗಂಟೆ ಬಾರಿಸಿದ ಕೂಡಲೇ ಎದ್ದು, ಒಂದಕ್ಷರವೂ ಇಲ್ಲದ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದೆ. ಮನೆಗೆ ಬಂದರೆ ಅವ್ವ ಕೌದಿಯ ಮೇಲಿಂದ ತಲೆ ಎತ್ತಿದಳು.

"ಇಷ್ಟು ಲಗೂನ ಬಂದಿ?"

"ಪೇಪರ್ ಹಗುರ ಇತ್ತವ್ವ."

ಅವ್ವ ಎದ್ದು ಬಂದು ನನ್ನ ಎರಡೂ ಕೈ ಹಿಡಿದು ಒಂದು ಗಳಿಗೆ ನೋಡಿದಳು. "ಬಿಸಲಾಗ ಬಂದಿ, ಮಜ್ಜಿಗಿ ಕುಡಿ," ಎಂದಳು. ಅಂದು ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಕೇರಿಗೆಲ್ಲ ಕೇಳುವ ಹಾಗೆ ಹೇಳಿದಳು: "ನಮ್ಮ ಗಂಗಿ ಎಲ್ಲಾರಿಗಿಂತ ಮೊದಲ ಬರದು ಬಂದಾಳ್ರವಾ!" ನೆಲ ಬಾಯಿ ತೆರೆಯಬಾರದೇ ಎನಿಸಿತು. ಪಾಪ, ಅಕ್ಷರ ತಿಳಿಯದ ಮುದುಕಿಗೆ ಎಂಥ ಮೋಸ ಮಾಡಿದೆ ಎಂದು ಅತ್ತೆ. ಫಲಿತಾಂಶ ಬಂದು ನಾನು ಲೆಕ್ಕದಲ್ಲಿ ನಪಾಸು ಎಂದು ತಿಳಿದ ದಿನವೂ ಅವಳು ನಲ್ಲಿಯ ಹತ್ತಿರ ಸೋಲಲಿಲ್ಲ. "ತಿದ್ದಿದಾತನ ಕಣ್ಣು ಸರಿ ಇದ್ದಂಗಿಲ್ಲ ಬಿಡ್ರಿ," ಎಂದು ಕೊಡ ಎತ್ತಿಕೊಂಡು ಬಂದಳು. ಆ ಮೇಲೆ ನಾನು ಪುಸ್ತಕ ಮುಟ್ಟಿರಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಬರೆಯಬಹುದಿತ್ತು, ಜ್ವರ ಬಂತು ಎಂದು ಮಲಗಿಬಿಟ್ಟೆ. ಜ್ವರ ಬಂದಿರಲಿಲ್ಲ.

ಇಂಥ ನಾನು ನಾಗಿಗೆ ಗುರುವಾದೆ. ಆಹಾ, ಆ ದರ್ಬಾರು ನೀವು ನೋಡಬೇಕಿತ್ತು! ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಅದರಲ್ಲಿ ಹಲ್ಲುಜ್ಜಲು ಐದು ನಿಮಿಷ, ಆಟಕ್ಕೆ ಸೊನ್ನೆ. ಪಕ್ಕದ ಮನೆಯಿಂದ ಅಲಾರಂ ಗಡಿಯಾರ ಕೇಳಿ ತಂದು ಅವಳ ಮೂಗಿನ ಮುಂದೆ ಇಟ್ಟೆ. ನನ್ನ ಹೈಸ್ಕೂಲಿನ ಇಂಕು ಪೆನ್ನನ್ನು ದಾನ ಮಾಡಿದೆ. ಅದು ಎಂಥ ಪೆನ್ನು ಎಂದರೆ, ನಾಲ್ಕು ಸಾಲು ಬರೆಯುವುದರೊಳಗೆ ಮೂರು ಬೆರಳು ನೀಲಿ. ನಾಗಿ ರೊಟ್ಟಿಗೂ ನೀಲಿ ಹಚ್ಚಿಕೊಂಡು ತಿನ್ನುತ್ತಿದ್ದಳು.

"ಹತ್ತು ಲೆಕ್ಕ, ಹತ್ತು ನಿಮಿಷ. ಹೂಂ, ಶುರು!" ಎಂದು ನಾನು ತೊಡೆ ತಟ್ಟುತ್ತಿದ್ದೆ. ಹುಡುಗಿ ಲೆಕ್ಕ ನೋಡುತ್ತಿರಲಿಲ್ಲ, ಗಡಿಯಾರದ ಮುಳ್ಳು ನೋಡುತ್ತಿದ್ದಳು. ಮೊದಲ ವಾರ ಹೊಟ್ಟೆನೋವು ಅಂದಳು. ಎರಡನೆಯ ವಾರ, ನಾನು ಗಡಿಯಾರಕ್ಕೆ ಕೀಲಿ ಕೊಡುವ ಸಪ್ಪಳ ಕೇಳಿದರೆ ಸಾಕು, ಹಿತ್ತಲಿಗೆ ಓಡಿ ವಾಂತಿ ಮಾಡಿಕೊಳ್ಳತೊಡಗಿದಳು. ಜಾಣ ಹುಡುಗಿ, ಬಾವಿಕಟ್ಟೆಯ ಮೇಲೆ ಕೂತು ಇಪ್ಪತ್ತರ ಮಗ್ಗಿ ಹಾಡಿನಂತೆ ಹೇಳುವವಳು. ನನ್ನ ಮುಂದೆ ಕೂತರೆ ಆರೇಳಲಿ ಎಷ್ಟು ಎಂದು ಕೇಳಿದರೂ ತುಟಿ ನಡುಗುತ್ತಿತ್ತು. ನಾನು ಇನ್ನೂ ಜೋರು ಮಾಡುತ್ತಿದ್ದೆ. ಜೋರು ಮಾಡಿದರೆ ಧೈರ್ಯ ಬರುತ್ತದೆ ಎಂದು ಆ ವಯಸ್ಸಿನಲ್ಲಿ ನನ್ನ ನಂಬಿಕೆ.

ಒಂದು ಬೆಳಿಗ್ಗೆ ಗಡಿಯಾರ ಕಾಣೆಯಾಯಿತು. ಮನೆಯೆಲ್ಲ ಹುಡುಕಿದೆ. ಅವ್ವ ಏನೂ ಅರಿಯದವಳಂತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಜೋಳದ ಗುಡಾಣದೊಳಗಿಂದ ಅಲಾರಂ ಹೊಡೆದುಕೊಳ್ಳತೊಡಗಿತು. ನಾಗಿ ಎಷ್ಟೋ ದಿನದ ಮೇಲೆ ಬಿದ್ದು ಬಿದ್ದು ನಕ್ಕಳು. ನನಗೆ ರೇಗಿತು.

"ಅವ್ವಾ, ಆಕಿ ಪರೀಕ್ಷಿ ಅಂದ್ರ ಏನಂತ ಮಾಡೀದಿ? ಇಷ್ಟಕ್ಕ ಅಂಜಿದ್ರ ಅಲ್ಲಿ ಹೋಗಿ ಏನು ಬರೀತಾಳ?"

ಅವ್ವ ತಲೆ ಎತ್ತದೆಯೇ ಹೇಳಿದಳು. "ಅಂಜಿಕಿ ಆಕಿದಲ್ಲ, ನಿಂದು. ನಿನ್ನ ಅಂಜಿಕಿ ಆ ಕೂಸಿನ ಹೊಟ್ಟ್ಯಾಗ ಯಾಕ ತುಂಬತೀದಿ?"

ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅವಳು ಹೇಳಿದ್ದು ನಿಜ. ನಾಗಿಗೆ ಸೀಟು ಸಿಗಬೇಕು ಎಂಬುದೊಂದೇ ಅಲ್ಲ ನನ್ನ ಆಸೆ. ಅವಳು ನನ್ನ ಹಾಗೆ ಆಗಬಾರದು, ನನ್ನ ಹಾಗೆ ಎದ್ದು ಬರಬಾರದು. ಆದರೆ ನಾನೇ ದಿನವೂ ಅವಳನ್ನು ಅದೇ ಪರೀಕ್ಷೆಯ ಕೋಣೆಯಲ್ಲಿ ಕೂರಿಸುತ್ತಿದ್ದೆ. ಅವತ್ತು ಹಾಗೆ ಅನಿಸಿದ್ದೇ ತಡ, ಒಳಗೆ ಬಂದು ವೇಳಾಪಟ್ಟಿ ಹರಿದು ಒಲೆಗೆ ಹಾಕಿದೆ. ನಾಗಿ ಅದನ್ನು ಒಲೆಯ ಮುಂದೆ ಕೂತು ಪೂರ್ತಿ ಉರಿಯುವವರೆಗೂ ನೋಡಿದಳು.

ಬಾವ ಮುಂದಿನ ಸಲ ಬಂದಾಗ ಒಂದು ಹಾಳೆ ತಂದ. ಕಚೇರಿಯ ಗುಮಾಸ್ತರೊಬ್ಬರು ಎಲ್ಲಿಂದಲೋ ಸಂಪಾದಿಸಿದ ಮಾದರಿ ಪ್ರಶ್ನೆಪತ್ರಿಕೆ. ಕನ್ನಡ ಇತ್ತು, ಲೆಕ್ಕ ಇತ್ತು. ಅವು ಹೇಗೋ ಆದವು. ಹಿಂಬದಿಯಲ್ಲಿ ಬರೀ ಚಿತ್ರಗಳು. ಒಂದು ಚೌಕದಲ್ಲಿ ಗೆರೆ, ತ್ರಿಕೋನ, ಚುಕ್ಕೆ; ಒಂದು ಮೂಲೆ ಖಾಲಿ. ಪಕ್ಕದಲ್ಲಿ ನಾಲ್ಕು ತುಂಡು. ಯಾವ ತುಂಡು ಆ ಮೂಲೆಗೆ ಕೂಡುತ್ತದೆ, ಅದರ ಅಂಕಿ ಬರೆಯಬೇಕು. ನಾನು ನೋಡಿದೆ, ಬಾವ ನೋಡಿದ. ನಾಗಿಯ ಶಾಲೆಯ ಮೇಷ್ಟ್ರು ನೋಡಿ, "ಇದು ಶಹರದ ಹುಡುಗರಿಗೆ ಮಾಡಿದ್ದು ಕಣವ್ವಾ," ಎಂದು ಮಡಚಿ ಕೊಟ್ಟಿದ್ದರು.

ಅವ್ವ ಹಿಂದಿನಿಂದ ಬಗ್ಗಿ ನೋಡಿದಳು. "ಇದ್ಯಾರ ಕೌದಿ?"

"ಕೌದಿ ಅಲ್ಲವ್ವ, ಪ್ರಶ್ನಿ."

"ಎಂಥಾ ಪ್ರಶ್ನಿ? ಇಲ್ಲಿ ಈ ತುಂಡು ಬರಬೇಕು, ಅಷ್ಟ." ಅರಿಸಿನ ಹತ್ತಿದ ಬೆರಳಿಂದ ಮೂರನೆಯದನ್ನು ಮುಟ್ಟಿದಳು. "ಆ ಕಡಿ ಮೂಲಿ ಹಿಂಗ ಹೊಳ್ಳೈತಿ, ಇದು ಹಂಗ ಹೊಳ್ಳಬೇಕು. ಕಣ್ಣಿಗೆ ಕಾಣವಲ್ದೇನು?"

ಹಾಳೆಯ ಕೊನೆಗೆ ಉತ್ತರ ಕೊಟ್ಟಿದ್ದರು. ಮೂರೇ ಸರಿ. ನಾವು ಬೆಪ್ಪಾಗಿ ಇನ್ನೊಂದು ತೋರಿಸಿದೆವು, ಅದೂ ಸರಿ. ಎಂಟು ಚಿತ್ರಗಳಲ್ಲಿ ಏಳಕ್ಕೆ ಸರಿಯಾಗಿ ಬೆರಳಿಟ್ಟಳು. ಎಂಟನೆಯದಕ್ಕೆ ಉತ್ತರ ಬೇರೆ ಇದೆ ಎಂದರೆ ಒಪ್ಪಲೇ ಇಲ್ಲ. "ಅದನ್ನ ಬರದಾತ ಒಂದು ಕೌದಿ ಹೊಲಿದು ತೋರಸ್ಲಿ," ಎಂದು ಹಾಳೆ ತಳ್ಳಿ ಎದ್ದು ಹೋದಳು. ಹೆಬ್ಬೆಟ್ಟಿನ ಹೆಂಗಸು! ಬಾವ ಅವತ್ತಿನಿಂದ ಅತ್ತೆಯ ಮುಂದೆ ಬೀಡಿ ಸೇದುವುದನ್ನು ಬಿಟ್ಟ.

ಆಮೇಲೆ ನಾಗಿಯ ಶಾಲೆ ಪಡಸಾಲೆಯ ನೆಲಕ್ಕೆ ಬಂತು. ಅವ್ವ ಕೆಂಪು, ಹಸಿರು, ನೀಲಿ ತುಂಡು ಕತ್ತರಿಸಿ, ಹಾಸಿದ ಸೀರೆಯ ಮೇಲೆ ಚಿತ್ತಾರ ಇಡುತ್ತಿದ್ದಳು. ಒಂದು ಮೂಲೆ ಖಾಲಿ ಬಿಟ್ಟು ನಾಲ್ಕು ತುಂಡು ಅಂಚಿಗೆ ಇಡುವಳು. ನಾಗಿ ಹುಡುಕಬೇಕು. ಎಳೆಯಬಾರದು, ತುಳಿಯಬಾರದು. ಈ ಬದಿಯಿಂದ ತಿಳಿಯದಿದ್ದರೆ ಎದ್ದು ಆ ಬದಿಗೆ ಹೋಗಿ ಕೂತು ನೋಡಬೇಕು. ಹುಡುಗಿ ಗೋಡೆಗೆ ಬೆನ್ನು ಉಜ್ಜುತ್ತ ಸುತ್ತು ಹಾಕುವಳು, ಕುಕ್ಕರುಗಾಲಲ್ಲಿ ಕೂರುವಳು, ತಲೆ ವಾರೆ ಮಾಡುವಳು. "ಸಿಕ್ಕಿತಜ್ಜೀ!" ಎಂದು ಒಂದು ಕೂಗು.

ಸಿಗದಿದ್ದರೂ ಅವ್ವ ಬಯ್ಯುತ್ತಿರಲಿಲ್ಲ. ಹೊಲಿಯುವಾಗ ಅವಳಿಗೊಂದು ಅಭ್ಯಾಸವಿತ್ತು. ಎಲ್ಲಿಯೂ ಹೊಂದದ ತುಂಡನ್ನು ಎಸೆಯುತ್ತಿರಲಿಲ್ಲ, ಅದರ ಜೊತೆ ಗುದ್ದಾಡುತ್ತಲೂ ಇರಲಿಲ್ಲ. ಮಡಚಿದ ಮೊಣಕಾಲ ಕೆಳಗೆ ಸಿಕ್ಕಿಸಿಕೊಂಡು ಮುಂದಿನದಕ್ಕೆ ಕೈ ಹಾಕುವಳು. ನಾಗಿಗೂ ಅದನ್ನೇ ಕಲಿಸಿದಳು.

"ಕೂಡಲಿಲ್ಲಾ? ಮೊಣಕಾಲ ಕೆಳಗ ಇಟ್ಕೊ. ಅದು ಎಲ್ಲಿಗೂ ಓಡಿ ಹೋಗಂಗಿಲ್ಲ. ಕಡೀಕ ಅದರ ಜಾಗ ತಾನ ಕಾಣತೈತಿ."

ಇದನ್ನು ನನಗೆ ಯಾರಾದರೂ ಒಂದು ವರ್ಷ ಮೊದಲೇ ಹೇಳಬಾರದಿತ್ತೇ ಎಂದು ನಾನು ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದೆ.

ಗಡಿಯಾರದ ಜಾಗಕ್ಕೆ ದಾರ ಬಂತು. ಸೂಜಿಗೆ ಒಂದು ಮಾರು ದಾರ ಪೋಣಿಸಿ ಅವ್ವ ಹೊಲಿಯಲು ಕೂತರೆ, ಅದು ಮುಗಿಯುವುದರೊಳಗೆ ನಾಗಿ ಪಕ್ಕದಲ್ಲಿ ಕೂತು ಲೆಕ್ಕ ಮಾಡಬೇಕು. ಮೊದಮೊದಲು ಒಂದು ದಾರಕ್ಕೆ ಐದು ಲೆಕ್ಕ, ಆಮೇಲೆ ಎಂಟು, ಆಮೇಲೆ ಹನ್ನೆರಡು. ದಾರ ಮುಗಿದರೆ ಇಬ್ಬರೂ ಬೆನ್ನು ನೆಟ್ಟಗೆ ಮಾಡಿ, ಒಂದು ಗುಟುಕು ನೀರು ಕುಡಿದು, ಹೊಸ ದಾರ. ದಾರಕ್ಕೆ ಮುಳ್ಳಿಲ್ಲ, ಟಿಕ್ ಟಿಕ್ ಇಲ್ಲ. ವಾಂತಿ ಯಾವಾಗ ನಿಂತಿತೋ ನಮಗೆ ಗೊತ್ತೇ ಆಗಲಿಲ್ಲ. ನನ್ನ ಕೆಲಸ ಲೆಕ್ಕ ತಿದ್ದುವುದು, ಮಗ್ಗಿ ಕೇಳುವುದು. ತಿದ್ದುತ್ತ ತಿದ್ದುತ್ತ ನನಗೂ ಒಂದಿಷ್ಟು ಲೆಕ್ಕ ಬಂತು ಎಂಬುದನ್ನು ಯಾರಿಗೂ ಹೇಳಲಿಲ್ಲ.

ಪರೀಕ್ಷೆ ಕೂಡ್ಲಿಗಿಯ ಒಂದು ಶಾಲೆಯಲ್ಲಿ, ಭಾನುವಾರ. ನಾನೂ ನಾಗಿಯೂ ಹೊರಟೆವು. ಅವ್ವ ನನ್ನ ಮಡಿಲಿಗೆ ಮಂಡಕ್ಕಿಯ ಗಂಟು ಹಾಕಿದಳು. "ಕೂಸಿಗೆ?" ಎಂದೆ. "ಕೂಸಿಗಲ್ಲ, ನಿನಗ. ಆಕಿ ಒಳಗ ಹೋಗೂತನಕ ನಿನ್ನ ಬಾಯಿ ಖಾಲಿ ಇರಬಾರದು. ಖಾಲಿ ಇದ್ರ ಮಗ್ಗಿ ಕೇಳ್ತಿ."

ಎಷ್ಟು ಸರಿಯಾಗಿ ಹೇಳಿದ್ದಳು! ಶಾಲೆಯ ಬೇವಿನಮರದ ಕೆಳಗೆ ಜಾತ್ರೆಯ ಗದ್ದಲ. ಒಬ್ಬ ತಂದೆ ಮಗನ ಕಿವಿ ಹಿಡಿದು ಹದಿನೇಳರ ಮಗ್ಗಿ ಕೇಳುತ್ತಿದ್ದ. ಒಬ್ಬ ತಾಯಿ ಮಗುವಿನ ಬಾಯಿಗೆ ಮೊಸರನ್ನ ತುರುಕುತ್ತಿದ್ದಳು, ಅದು ಅಳುತ್ತ ರಾಜ್ಯಗಳ ರಾಜಧಾನಿ ಹೇಳುತ್ತಿತ್ತು. ನನ್ನ ನಾಲಿಗೆ ತುರಿಸತೊಡಗಿತು. "ಹದಿಮೂರೆಂಟ್ಲಿ" ಎಂಬ ಮಾತು ಗಂಟಲಿನವರೆಗೂ ಬಂತು. ಒಂದು ಮುಷ್ಟಿ ಮಂಡಕ್ಕಿ ಹಾಕಿಕೊಂಡು ಕೆಳಕ್ಕೆ ದೂಡಿದೆ. ಕೊಟ್ಟೂರಿನಿಂದ ತಂದ ಮಂಡಕ್ಕಿ ಅಷ್ಟೂ ಒಳಗೆ ಹೋದ ಮೇಲೆ ಗಂಟೆ ಹೊಡೆಯಿತು. ನಾಗಿ ಬೇವಿನ ಹಣ್ಣುಗಳನ್ನು ಸಾಲಾಗಿ ಇಟ್ಟು ಆಡುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು.

"ಚಿಗವ್ವ, ಹೋಗಿ ಬರ್ತೀನಿ," ಎಂದು ನಡೆದೇಬಿಟ್ಟಳು.

ಬೆಂಚಿಲ್ಲದ ಕೋಣೆ. ಮಕ್ಕಳು ನೆಲದ ಮೇಲೆ ಸಾಲಾಗಿ ಕೂತಿದ್ದರು. ನಾನು ಹಿಂಬದಿಗೆ ಹೋಗಿ ಒಂದು ಕಲ್ಲು ಹತ್ತಿ ಕಿಟಕಿಯ ಸರಳು ಹಿಡಿದು ನಿಂತೆ. ನಾಗಿ ಪತ್ರಿಕೆಯನ್ನು ಎದುರಿಗೆ ನೆಲಕ್ಕೆ ಹಾಸಿಕೊಂಡು ಬರೆಯುತ್ತಿದ್ದಳು. ಅರ್ಧ ಗಂಟೆಯ ಗಂಟೆ ಹೊಡೆಯಿತು, ನಾನು ಎದ್ದು ಬಂದಿದ್ದ ಹೊತ್ತು ಅದು. ಅವಳು ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಟ್ಟು, ಮತ್ತೆ ಬಗ್ಗಿದಳು. ಒಂದು ದಾರ ಮುಗಿಯಿತು ಎಂದುಕೊಂಡಳೇನೋ.

ಎರಡನೆಯ ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ನಾಗಿ ಎದ್ದು ನಿಂತಳು.

ಆಯಿತು, ಮುಗಿಯಿತು; ನನ್ನ ಹಾಗೆಯೇ ಎದ್ದಳು. ಇನ್ನು ಹಾಳೆ ಕೊಟ್ಟು ಹೊರಗೆ ಬರುತ್ತಾಳೆ, ಪೇಪರ್ ಹಗುರ ಇತ್ತು ಎನ್ನುತ್ತಾಳೆ. "ಕೂಡ್ರು ನಾಗಿ, ಕೂಡ್ರು" ಎಂದು ಸರಳನ್ನು ಹಿಂಡುತ್ತ ಗೊಣಗಿದೆ. ಅವಳು ಬಾಗಿಲ ಕಡೆ ಹೋಗಲಿಲ್ಲ. ತನ್ನ ಪತ್ರಿಕೆಯನ್ನು ತುಳಿಯದ ಹಾಗೆ ಲಂಗ ಎತ್ತಿಕೊಂಡು ಒಂದು ಸುತ್ತು ಬಂದು, ಆ ಕಡೆ ಕುಕ್ಕರುಗಾಲಲ್ಲಿ ಕೂತು, ತಲೆ ವಾರೆ ಮಾಡಿ ನೋಡಿದಳು. ತಲೆ ಆಡಿಸಿದಳು. ಮತ್ತೆ ಸುತ್ತಿ ಬಂದು ಸ್ವಸ್ಥಾನದಲ್ಲಿ ಕೂತು ಉತ್ತರ ಬರೆದಳು. ಮುಂದಿನ ಚಿತ್ರಕ್ಕೆ ಮತ್ತೆ ಎದ್ದಳು.

ಅಯ್ಯೋ ಶಿವನೇ! ಪಡಸಾಲೆಯಲ್ಲಿ ಕಲಿತದ್ದನ್ನು ಹುಡುಗಿ ಹಾಗೆ ಹಾಗೆಯೇ ತಂದಿದ್ದಳು. ಹಾಳೆಯನ್ನು ತಿರುಗಿಸಬಹುದು ಎಂದು ಅವಳಿಗೆ ನಾವು ಯಾರೂ ಹೇಳಿಯೇ ಇರಲಿಲ್ಲ. ಅಷ್ಟು ತಿಂಗಳು ಓದಿಸಿದ ನನಗೂ ಅದು ಹೊಳೆದಿರಲಿಲ್ಲ.

ಮೂರನೆಯ ಸಲಕ್ಕೆ ಮೇಲ್ವಿಚಾರಕರು ನೋಡಿದರು. ದಪ್ಪ ಕನ್ನಡಕದ, ಸಿಟ್ಟಿನ ಮುಖದ ಮೇಷ್ಟ್ರು.

"ಏಯ್! ಯಾರ ಪೇಪರ್ ನೋಡಾಕ ಹತ್ತೀದಿ?"

"ಯಾರದೂ ಇಲ್ರಿ ಸಾರ್. ನಂದ ನೋಡಾಕ ಹತ್ತೀನ್ರಿ."

"ನಿಂದು ನೋಡಾಕ ಆ ಕಡಿ ಯಾಕ ಹೋದಿ?"

"ಈ ಕಡಿಯಿಂದ ಬ್ಯಾರೆ ಕಾಣತೈತ್ರಿ."

ಮಕ್ಕಳೆಲ್ಲ ಗೊಳ್ಳೆಂದರು. ಮೇಷ್ಟ್ರು ಬಗ್ಗಿ ಅವಳ ಪತ್ರಿಕೆಯನ್ನು ಕೈಗೆ ತೆಗೆದುಕೊಂಡರು. ಅಷ್ಟೇ, ನನಗೆ ತಡೆಯಲಾಗಲಿಲ್ಲ. "ಸಾರ್, ಸಾರ್! ಕಾಪಿ ಹೊಡ್ಯಾಕ ಹತ್ತಿಲ್ರಿ, ಅದು ಕೌದಿ ಹಂಗ ಸಾರ್, ನಮ್ಮವ್ವ..." ಎಂದು ಕಿಟಕಿಯಿಂದ ಕಿರುಚಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಯಾರ್ರಿ ನೀವು?" ಎಂದು ಅವರು ಕೆರಳಿದರು. "ಕಿಟಕಿ ಬಿಟ್ಟು ಇಳೀರಿ! ಇಲ್ಲಾಂದ್ರ ಹುಡುಗೀನ ಹೊರಗ ಕಳಸ್ತೀನಿ."

ನಾಗಿ ಕಿಟಕಿಯ ಕಡೆ ನೋಡಿದಳು, ಮೇಷ್ಟ್ರ ಕಡೆ ನೋಡಿದಳು. ಅವಳ ತುಟಿ ನಡುಗುತ್ತಿರಲಿಲ್ಲ.

"ಆಕಿ ನಮ್ಮ ಚಿಗವ್ವ ರೀ ಸಾರ್," ಎಂದಳು. "ಆಕಿಗೆ ಪರೀಕ್ಷಿ ಅಂದ್ರ ಅಂಜಿಕಿ. ಏನೂ ಅನಬ್ಯಾಡ್ರಿ."

ಮೇಷ್ಟ್ರು ನನ್ನನ್ನೊಮ್ಮೆ, ಆ ಪತ್ರಿಕೆಯನ್ನೊಮ್ಮೆ ನೋಡಿದರು. ಆಮೇಲೆ ಅವಳ ಪಕ್ಕ ಕುಕ್ಕರಿಸಿ, ಪತ್ರಿಕೆಯನ್ನು ನೆಲಕ್ಕಿಟ್ಟು, ಒಂದು ಬೆರಳಿಂದ ಅರ್ಧ ಸುತ್ತು ತಿರುಗಿಸಿದರು.

"ಕುಂತಲ್ಲೇ ಹಿಂಗ ತಿರುವಿ ನೋಡವಾ."

"ತಿರುವಬಹುದೇನ್ರಿ?" ನಾಗಿಯ ಕಣ್ಣು ಇಷ್ಟಗಲವಾದವು.

"ನಿನ್ನ ಹಾಳಿ ಅದು. ಎಷ್ಟು ಬೇಕು ಅಷ್ಟು ತಿರುವು."

ನಾನು ಕಲ್ಲಿನಿಂದ ಇಳಿದು ಬೇವಿನಮರದ ಕೆಳಗೆ ಹೋಗಿ ಕೂತು, ಯಾರು ನೋಡಿದರೆ ನನಗೇನು ಎಂದು ಮನಸಾರೆ ಅತ್ತೆ. ಸೀಟು ಸಿಗಲಿ ಬಿಡಲಿ, ಹುಡುಗಿ ಅಂಜಿರಲಿಲ್ಲ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು.

ಸೀಟೂ ಸಿಕ್ಕಿತು. ಬಾವ ಕಾಗದ ಹಿಡಿದುಕೊಂಡು ಹರಪನಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದನಂತೆ, ಕೂರಲು ಮನಸ್ಸಾಗದೆ. ಸಾಹೇಬರ ಮಗನಿಗೆ ಸಿಗಲಿಲ್ಲ ಎಂದು ಹೇಳುವಾಗ ಮಾತ್ರ ಅವನು ದನಿ ತಗ್ಗಿಸಿದ. ನಾಗಿ ಹೊರಡುವ ದಿನ ಅವ್ವ ಆ ಅಭ್ಯಾಸದ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದ ಕೌದಿಯನ್ನು ಪೆಟ್ಟಿಗೆಗೆ ತುರುಕಿದಳು. ಆ ಎಂಟನೆಯ ಚಿತ್ರವೂ ಅದರಲ್ಲಿತ್ತು, ಅವ್ವನ ಉತ್ತರದ ಪ್ರಕಾರವೇ. ಬಸ್ಸು ಹೊರಡುವಾಗ ನಾಗಿ ನನ್ನ ಇಂಕು ಪೆನ್ನನ್ನು ಕಿಟಕಿಯಿಂದ ವಾಪಸ್ಸು ಕೊಟ್ಟಳು.

"ಅಲ್ಲಿ ಹೊಸಾದು ಕೊಡತಾರಂತ. ಇದು ನಿನಗ ಬೇಕಾಕ್ಕತಿ."

"ನನಗ್ಯಾಕಲೇ?"

"ಅಕ್ಟೋಬರಿಗೆ," ಎಂದಳು. ಬಸ್ಸು ಹೋಯಿತು.

ಹತ್ತು ವರ್ಷದ ಹುಡುಗಿಯ ಮುಂದೆ ಇನ್ನೊಮ್ಮೆ ಜ್ವರ ಬರಿಸಿಕೊಳ್ಳುವುದು ಹೇಗೆ? ಪರೀಕ್ಷೆ ಕಟ್ಟಿದೆ. ಅವ್ವನ ಪಕ್ಕ ಕೂತು, ಒಂದು ದಾರಕ್ಕೆ ಇಷ್ಟು ಎಂದು ಲೆಕ್ಕ ಮಾಡಿದೆ. ಅಕ್ಟೋಬರ್ ಪರೀಕ್ಷೆಯ ಹೊತ್ತಿಗೆ ನಾಗಿ ದಸರೆಯ ರಜೆಗೆ ಬಂದಿದ್ದಳು. ಅಲ್ಲಿಯ ಸಮವಸ್ತ್ರ ಹಾಕಿಕೊಂಡು, ಎಣ್ಣೆ ಹಚ್ಚಿ ಎರಡು ಜಡೆ ಬಿಗಿದುಕೊಂಡು, ನನ್ನನ್ನು ಪರೀಕ್ಷೆಯ ಗೇಟಿನವರೆಗೆ ಬಿಡಲು ಬಂದಳು. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳಲಿಲ್ಲ. ಅವಳ ಬಾಯಿತುಂಬ ಮಂಡಕ್ಕಿ.

"ಚಿಗವ್ವ, ಎದ್ದು ಬರಬ್ಯಾಡ," ಎಂದಳು ಗೇಟಿನಲ್ಲಿ. ನಾನು ಎದ್ದು ಬಂದದ್ದು ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಲು ಹೊತ್ತಿರಲಿಲ್ಲ. "ಬರಲಿಲ್ಲಂದ್ರ ಮೊಣಕಾಲ ಕೆಳಗ ಇಡು. ಆಮ್ಯಾಲೆ ಹಾಳಿ ತಿರುವಿ ನೋಡು. ತಿರುವಬಹುದು, ನಾ ಕೇಳೀನಿ."

ಮೊದಲನೆಯ ಪ್ರಶ್ನೆ ಈ ಸಲವೂ ಬರಲಿಲ್ಲ. ಕೈ ತಣ್ಣಗಾಯಿತು. ಆ ಪ್ರಶ್ನೆಯನ್ನು ಮೊಣಕಾಲ ಕೆಳಗೆ ಇಟ್ಟೆ. ಎರಡನೆಯದು ಬಂತು, ಮೂರನೆಯದು ಅರ್ಧ ಬಂತು, ಐದನೆಯದು ಪೂರ್ತಿ ಬಂತು. ಮೂರು ಗಂಟೆ ಕೂತೆ. ಕೊಠಡಿಯಿಂದ ಕಟ್ಟಕಡೆಗೆ ಎದ್ದು ಬಂದವಳು ನಾನೇ. ಆ ಮೇಲೆ ಪಾಸಾಗಿ ತರಬೇತಿಗೆ ಹೋದದ್ದು, ಸಿಸ್ಟರಮ್ಮ ಆದದ್ದು ಎಲ್ಲ ಬೇರೆ ಮಾತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಹೊಲಿಗೆ ಬಿಟ್ಟು ನಿಂತಿದ್ದಳು ಎಂದರೆ ನೀವು ತಿಳಿದುಕೊಳ್ಳಿ.

"ಇಷ್ಟು ತಡ ಯಾಕಾತು?"

"ಈ ಸರ್ತಿ ಬರದು ಬಂದೆ ಅವ್ವ." ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. "ಹೋದ ಸರ್ತಿ ನಾನು... ನಿನಗ ಸುಳ್ಳು ಹೇಳಿದ್ದೆ."

"ಗೊತ್ತೈತಿ ಬಿಡು."

"ಏನು ಗೊತ್ತೈತಿ?"

"ಅವತ್ತು ನಿನ್ನ ಕೈ ಹಿಡದು ನೋಡಿದ್ನಲ್ಲ. ಬೆರಳಿಗೆ ಒಂದ್ ಹನಿ ಮಸಿ ಇರಲಿಲ್ಲ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಯಾರಿಗೆ ಮೋಸ ಮಾಡಿದೆ ಎಂದು ನಾನು ಒಂದೂವರೆ ವರ್ಷ ಅತ್ತಿದ್ದೆನೋ ಆ ಮುದುಕಿಗೆ ಮೊದಲನೆಯ ಗಳಿಗೆಯಲ್ಲೇ ಗೊತ್ತಿತ್ತು. "ಮತ್ತ ನಲ್ಲಿ ಹತ್ರ ಎಲ್ಲಾರಿಗೂ ಹಂಗ್ಯಾಕ ಹೇಳಿದಿ?"

"ಮತ್ತೇನಂತ ಹೇಳಬೇಕಿತ್ತು? ನಮ್ಮ ಗಂಗಿ ಅಂಜಿ ಓಡಿ ಬಂದಾಳ ಅಂತನಾ?" ಅವ್ವ ಸಿಟ್ಟಿನಿಂದಲೇ ಕೇಳಿ ನನ್ನ ಪಕ್ಕ ಕೂತಳು. ನನ್ನ ಬಲಗೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡು ಬೆರಳು ಬಿಡಿಸಿ ನೋಡಿದಳು. ಆ ಸೋರುವ ಪೆನ್ನು ಮೂರು ಗಂಟೆಯಲ್ಲಿ ಮಣಿಕಟ್ಟಿನವರೆಗೂ ನೀಲಿ ಮಾಡಿತ್ತು. ಅವ್ವ ಬಹಳ ಹೊತ್ತು ನೋಡಿದಳು. ಕೈ ತೊಳೆದುಕೊಳ್ಳಲು ನಾನು ಏಳಹೋದರೆ ಬಿಡಲಿಲ್ಲ.

"ತೊಳಿಬ್ಯಾಡ ತಡಿ," ಎಂದು ಒಳಗಿನಿಂದ ಖಾಲಿ ಕೊಡ ತಂದು ನನ್ನ ನೀಲಿ ಕೈಗೆ ಕೊಟ್ಟಳು. "ಮೊದಲ ನಲ್ಲಿಗೆ ಹೋಗಿ ಒಂದು ಕೊಡ ನೀರು ತಗೊಂಡು ಬಾ."